ಅರವತ್ತನಾಲ್ಕು ಸೈಟು, ಒಂದು ಮಂಡಿ

ಆ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಲಾಂಗ್ ನೋಟ್‌ಬುಕ್ಕಿನಿಂದ ಹರಿದ ಒಂದೇ ಹಾಳೆ. ‘ಪ್ರಾಂಶುಪಾಲರಿಗೆ, ಮಾನ್ಯರೇ’ ಎಂದು ಶುರುವಾಗಿ ಕೆಳಗೆ ಹದಿನೇಳು ಹುಡುಗರ ಸಹಿ. ಕಾಲೇಜಿಗೊಂದು ಫುಟ್‌ಬಾಲ್ ತಂಡ ಬೇಕು ಅನ್ನುವುದು ಕೋರಿಕೆ. ಬೇಕಾದ ಸಾಮಾನು ಹೀಗೆ: ಚೆಂಡು ಆರು, ಜರ್ಸಿ ಹದಿನೆಂಟು, ಚಡ್ಡಿ ಹದಿನೆಂಟು, ಕಾಲುಚೀಲ ಹದಿನೆಂಟು ಜೊತೆ, ಶಿನ್ ಪ್ಯಾಡ್ ಹದಿನೆಂಟು ಜೊತೆ, ಗೋಲ್‌ಕೀಪರ್ ಗ್ಲೌಸ್ ಎರಡು ಜೊತೆ, ನೆಟ್ ಎರಡು, ಗಾಳಿ ಪಂಪು ಒಂದು, ವಿಷಲ್ ಒಂದು. ಬೂಟು ಕೇಳಿರಲಿಲ್ಲ. ‘ಬೂಟು ನಮ್ಮದೇ ಇದೆ ಸರ್’ ಅಂದಿದ್ದರು. ಸ್ಟಡ್ ಇರುವ ಬೂಟು ಇದ್ದದ್ದು ಮೂವರ ಹತ್ತಿರ ಮಾತ್ರ ಎಂದು ಆಮೇಲೆ ತಿಳಿಯಿತು. ಬೂಟನ್ನೂ ಬರೆದರೆ ಮೊತ್ತ ದೊಡ್ಡದಾಗಿ ಕಂಡು ಎಲ್ಲಿ ಬೇಡ ಅಂದುಬಿಡುತ್ತಾರೋ ಎಂದು ಅವರು ತಾವೇ ಆ ಸಾಲು ಬಿಟ್ಟಿದ್ದರು.

ನಾನು ಕಾಮರ್ಸ್ ಮೇಷ್ಟ್ರು. ಮೈಸೂರಿನ ಇನ್ನೊಂದು ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಅಲ್ಲಿಯ ಕ್ರೀಡಾ ಸಮಿತಿಯ ಲೆಕ್ಕವನ್ನೂ ಬರೆಯುತ್ತಿದ್ದೆ. ಈಗ ನಿವೃತ್ತನಾಗಿ ಜಯಲಕ್ಷ್ಮಿಪುರಂನ ಮನೆಯಲ್ಲಿದ್ದೇನೆ. ಬೆಳಿಗ್ಗೆ ವಾಕಿಂಗ್ ಹೊರಟರೆ ಮಹಾಜನ ಕಾಲೇಜಿನ ಮಕ್ಕಳು ಗುಂಪುಗುಂಪಾಗಿ ಎದುರಾಗುತ್ತಾರೆ. ಯಾರದೋ ಬ್ಯಾಗಿನ ಹೊರಗೆ ಬೂಟಿನ ಲೇಸು ಜೋತಾಡುತ್ತಿರುತ್ತದೆ. ಅದನ್ನು ಕಂಡಾಗಲೆಲ್ಲ ಆ ಹಾಳೆ ನೆನಪಾಗುತ್ತದೆ, ಅದರಲ್ಲಿ ಇದ್ದದ್ದಕ್ಕಿಂತ ಇಲ್ಲದಿದ್ದದ್ದೇ ಹೆಚ್ಚಾಗಿ.

ಪಕ್ಕದ ಯಾದವಗಿರಿಯಲ್ಲಿ ಮನೆ ಕಟ್ಟಿಕೊಂಡು ಬಾಳಿದ ಆರ್.ಕೆ. ನಾರಾಯಣ್ 1935ರಲ್ಲಿ ಪ್ರಕಟವಾದ ತಮ್ಮ ಮೊದಲ ಕಾದಂಬರಿಯಲ್ಲೇ ಈ ಸಂಗತಿ ತಂದಿದ್ದಾರೆ. ಸ್ವಾಮಿ ಮತ್ತು ಗೆಳೆಯರು ಕ್ರಿಕೆಟ್ ತಂಡ ಕಟ್ಟುತ್ತಾರೆ. ತಂಡಕ್ಕೆ ಹೆಸರಿಟ್ಟರೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕೇನೋ ಅನ್ನುವುದು ಅವರ ಮೊದಲ ಚಿಂತೆ. ಬ್ಯಾಟು ಚೆಂಡು ಕಳಿಸಿ ಎಂದು ಮದ್ರಾಸಿನ ಅಂಗಡಿಗೆ ಕಾಗದ ಬರೆದರೆ, ಶೇ. 25ರಷ್ಟು ಮುಂಗಡ ಕಳಿಸಿ ಎಂದು ಉತ್ತರ ಬರುತ್ತದೆ. ಅದರ ಅರ್ಥವೇ ಆ ಮಕ್ಕಳಿಗೆ ಹತ್ತುವುದಿಲ್ಲ. ಆಡಬೇಕೆಂಬ ಆಸೆಗೂ ಅಂಗಡಿಯವನ ಬಿಲ್ಲಿಗೂ ಏನು ಸಂಬಂಧ ಎಂದು ಆ ವಯಸ್ಸಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ತಿಳಿದುಕೊಂಡು ಹೇಳಬೇಕಾದವರು ನಾವು.

ಹುಡುಗರ ಪಟ್ಟಿಗೆ ನಾನು ನನ್ನ ಸಾಲುಗಳನ್ನು ಸೇರಿಸಿದೆ. ಅಂತರ ಕಾಲೇಜು ಪಂದ್ಯಾವಳಿಯ ಪ್ರವೇಶ ಶುಲ್ಕ, ಬಸ್ ಚಾರ್ಜು, ಆಟಗಾರರ ದಿನಭತ್ಯೆ, ಗೆರೆ ಎಳೆಯಲು ಸುಣ್ಣದ ಪುಡಿ, ಪ್ರಾಕ್ಟೀಸ್ ಆದಮೇಲೆ ತಲೆಗೊಂದು ಬೇಯಿಸಿದ ಮೊಟ್ಟೆ, ಎರಡು ಬಾಳೆಹಣ್ಣು. ಜರ್ಸಿ ಬಣ್ಣ ಬಿಡುತ್ತದೆ, ನೆಟ್ ಹರಿಯುತ್ತದೆ ಎಂದು ವರ್ಷಕ್ಕಿಷ್ಟು ಸವಕಳಿ ಹಾಕಿದೆ. ಬಂಡವಾಳ ವೆಚ್ಚ ಒಂದು ಕಡೆ, ಆವರ್ತ ವೆಚ್ಚ ಇನ್ನೊಂದು ಕಡೆ. ಮೊತ್ತ ಯಾರನ್ನೂ ಹೆದರಿಸುವಂತಿರಲಿಲ್ಲ. ಸಮಿತಿಯಲ್ಲಿ ಹತ್ತೇ ನಿಮಿಷಕ್ಕೆ ಒಪ್ಪಿಗೆಯಾಯಿತು. ‘ಫುಟ್‌ಬಾಲು ಬಡವರ ಆಟ, ಒಂದು ಚೆಂಡಿದ್ದರೆ ಸಾಕು’ ಎಂದು ಒಬ್ಬರು ಹಿರಿಯರು ಹೇಳಿದರು. ನಾನೂ ಹೌದೆಂದೆ.

ಹಾಗೆ ಹೇಳಲು ನಮ್ಮಲ್ಲಿ ಕಾರಣವೂ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿದಾಗ ನಮ್ಮ ಹೆಚ್ಚಿನವರು ಬರಿಗಾಲಲ್ಲಿದ್ದರು. 1-2ರಲ್ಲಿ ಸೋತರೂ ಆ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನದ ಆಟಗಾರ, ಬೆಂಗಳೂರಿನ ಸಾರಂಗಪಾಣಿ ರಾಮನ್. ನಾಯಕ ತಾಲಿಮೆರೆನ್ ಆವೊ ನಾಗಾ ಬೆಟ್ಟಗಳಿಂದ ಬಂದವರು. ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದಿ, ಕಲ್ಕತ್ತೆಯಲ್ಲಿ ವೈದ್ಯಕೀಯ ಕಲಿಯುತ್ತ ಮೋಹನ್ ಬಾಗಾನ್‌ಗೆ ಆಡಿದವರು, ಮುಂದೆ ಡಾಕ್ಟರಾಗಿ ತಮ್ಮ ನಾಡಿಗೆ ಹಿಂದಿರುಗಿದವರು. ಇನ್ನು ಸಂತೋಷ್ ಟ್ರೋಫಿ: 1946-47, 1952-53, 1967-68, 1968-69ರಲ್ಲಿ ಮೈಸೂರು ಗೆದ್ದಿತು. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಕಪ್ಪು ಎತ್ತಿತು.

ಆದರೆ ಆಟ ಅಗ್ಗವಾಗಿತ್ತು ಎನ್ನುವುದು ಪೂರ್ತಿ ನಿಜವಲ್ಲ. ಖರ್ಚು ಬೇರೆಯವರು ಹೊರುತ್ತಿದ್ದರು, ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳಿದ್ದವು, ಸೇನೆಯ ಎಂಇಜಿ, ಎಎಸ್‌ಸಿ ತಂಡಗಳಿದ್ದವು. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ಕೆಲಸ ಸಿಗುತ್ತಿತ್ತು. ಬಿದ್ದು ಕಾಲು ಮುರಿದರೆ ಕಾರ್ಖಾನೆಯ ಆಸ್ಪತ್ರೆ ಇತ್ತು, ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ, ಆಟ ಮುಗಿದ ಮೇಲೂ ನಿವೃತ್ತಿಯವರೆಗೆ ಒಂದು ಮೇಜು ಕುರ್ಚಿ ಇರುತ್ತಿತ್ತು. ಕಾಲೇಜು ಇದರಲ್ಲಿ ಯಾವುದನ್ನೂ ಕೊಡುವುದಿಲ್ಲ. ಮೂರು ವರ್ಷ ಹುಡುಗನ ಕಾಲನ್ನು ಎರವಲು ಪಡೆದು, ಮಾರ್ಕ್ಸ್ ಕಾರ್ಡು ಕೊಟ್ಟು ಕಳಿಸುತ್ತದೆ.

ಚೆಂಡಿನ ಮಾತೂ ಹಾಗೆಯೇ. ಮೂವತ್ತೆರಡು ತುಂಡಿನ ಹಳೆಯ ಮಾದರಿಯ ಚೆಂಡೊಂದನ್ನು ನಾನು ಈಚೆಗೆ ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಇಪ್ಪತ್ತು ಷಟ್ಕೋನ, ಹನ್ನೆರಡು ಪಂಚಕೋನ, ಒಂದಕ್ಕೊಂದು ಕೂಡುವ ತೊಂಬತ್ತು ಅಂಚುಗಳು. ಪ್ರತಿ ಅಂಚಿನಲ್ಲೂ ಕೈಹೊಲಿಗೆ, ದಾರ ಮೇಣ ಸವರಿದ್ದು, ಗಂಟು ಒಳಗೆ ಸರಿದು ಕಾಣದಂತೆ ಹೋಗಿದೆ. ನಮ್ಮಲ್ಲಿ ಇಂಥ ಚೆಂಡು ಹೆಚ್ಚಾಗಿ ಬರುವುದು ಜಲಂಧರದಿಂದ. ದೇಶ ವಿಭಜನೆಯಾದಾಗ ಸಿಯಾಲ್‌ಕೋಟಿನಿಂದ ಗಡಿ ದಾಟಿ ಬಂದ ಕುಟುಂಬಗಳು ಅಲ್ಲಿ ಈ ಕಸುಬನ್ನು ಬೆಳೆಸಿದವು. ಗಡಿಯಾಚೆಯ ಸಿಯಾಲ್‌ಕೋಟಿನಲ್ಲಿ ಚೆಂಡು ಹೊಲಿಯುವ ಕೆಲಸಕ್ಕೆ ಮಕ್ಕಳನ್ನು ಹಚ್ಚದಂತೆ 1997ರಲ್ಲಿ ಅಟ್ಲಾಂಟಾದಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅಂದರೆ ಅಲ್ಲಿಯವರೆಗೆ ಆ ಅಂಚುಗಳನ್ನು ಎಷ್ಟೋ ಪುಟ್ಟ ಬೆರಳುಗಳು ಹೊಲಿದಿದ್ದವು. ‘ಚೆಂಡು ಆರು’ ಎಂದು ಬರೆದ ಸಾಲಿನ ಎದುರು ನಾನು ಅಂಗಡಿಯ ದರ ಮಾತ್ರ ಬರೆದಿದ್ದೆ.

ಖರ್ಚು ಬೇರೆ, ಬೆಲೆ ಬೇರೆ. ನಮ್ಮ ಮಾತಿನಲ್ಲೇ ಆ ತಿಳಿವಳಿಕೆ ಇದೆ. ಖರ್ಚು ಮಾಡುತ್ತೇವೆ, ಬೆಲೆ ತೆರುತ್ತೇವೆ. ಖರ್ಚು ಮಾಡುವವನೂ ಬೆಲೆ ತೆರುವವನೂ ಒಬ್ಬನೇ ಆಗಿರಬೇಕಾಗಿಲ್ಲ. ತಂಡ ಕಟ್ಟುವುದು ತಪ್ಪೋ ಸರಿಯೋ ಎಂದು ಯೋಚಿಸುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ಪ್ರಶ್ನೆ: ಬೆಲೆ ತೆತ್ತವರು ಯಾರು?

ಮೊದಲು ಜಾಗ. ಫುಟ್‌ಬಾಲ್ ಮೈದಾನದ ಸಾಮಾನ್ಯ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಮೈಸೂರಿನವರು ಜಾಗವನ್ನು ಅಳೆಯುವುದು ಸೈಟಿನಲ್ಲಿ. ಮೂವತ್ತು-ನಲವತ್ತರ ಸೈಟು ಲೆಕ್ಕ ಹಾಕಿದರೆ ಒಂದು ಮೈದಾನದಲ್ಲಿ ಅರವತ್ತನಾಲ್ಕು ಸೈಟು ಏಳುತ್ತವೆ. ನಿಯಮ ಒಪ್ಪುವ ಅತಿ ಚಿಕ್ಕ ಅಳತೆ, 90 ಮೀಟರಿಗೆ 45, ಹಿಡಿದರೂ ಸರಿಯಾಗಿ ಒಂದು ಎಕರೆ, ಮೂವತ್ತಾರು ಸೈಟು. ನಮ್ಮ ಬಡಾವಣೆಯಲ್ಲಿ ಇಂದು ಒಂದೇ ಒಂದು ಸೈಟಿಗೆ ಏನು ಬೆಲೆ ಎಂದು ಯಾವ ಬ್ರೋಕರನ್ನು ಕೇಳಿದರೂ ಹೇಳುತ್ತಾನೆ. ಅರವತ್ತನಾಲ್ಕು ಸೈಟಿನಷ್ಟು ನೆಲವನ್ನು ದಿನಕ್ಕೆರಡು ತಾಸು ಆಡುವ ಇಪ್ಪತ್ತೆರಡು ಮಕ್ಕಳಿಗಾಗಿ ಖಾಲಿ ಬಿಡುವುದಿದೆಯಲ್ಲ, ಅದೇ ಕಾಲೇಜೊಂದು ಮಾಡುವ ದೊಡ್ಡ ಖರ್ಚು. ಅದು ಯಾವ ಆಯವ್ಯಯದಲ್ಲೂ ಬರುವುದಿಲ್ಲ. ಹಾಗಾಗಿಯೇ ಹೊಸ ಬ್ಲಾಕ್ ಬೇಕಾದಾಗ ಎಲ್ಲರ ಕಣ್ಣೂ ಮೊದಲು ಮೈದಾನದ ಮೂಲೆಯ ಮೇಲೆ ಬೀಳುತ್ತದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲೆಂದು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ಕಾಯ್ದೆ ಬೇಕಾಯಿತು ಅನ್ನುವುದರಲ್ಲೇ ಎಲ್ಲ ಇದೆ.

ಖಾಲಿಯಾದ ಮೈದಾನ ಖಾಲಿಯಾಗಿ ಉಳಿಯುವುದಿಲ್ಲ. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯ ಒಂದು ಕಾಲದಲ್ಲಿ ಅವರ ಬಗೆಯ ಫುಟ್‌ಬಾಲಿಗೆ ಹೆಸರಾಗಿತ್ತು. ಓದಿಗೂ ಆ ದೊಡ್ಡ ವ್ಯವಹಾರಕ್ಕೂ ಸಂಬಂಧವಿಲ್ಲ ಎಂದು ಅಧ್ಯಕ್ಷ ರಾಬರ್ಟ್ ಹಚಿನ್ಸ್ 1939ರಲ್ಲಿ ತಂಡವನ್ನೇ ನಿಲ್ಲಿಸಿದರು. ಮೂರು ವರ್ಷದ ಮೇಲೆ, 1942ರ ಡಿಸೆಂಬರ್ 2ರಂದು, ಆ ತಂಡ ಆಡುತ್ತಿದ್ದ ಸ್ಟ್ಯಾಗ್ ಫೀಲ್ಡಿನ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೆ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ನಡೆಸಿದರು. ಅಲ್ಲಿ ಈಗ ಗ್ರಂಥಾಲಯವಿದೆ. 1969ರಲ್ಲಿ ವಿಶ್ವವಿದ್ಯಾಲಯ ಸಣ್ಣ ಮಟ್ಟದಲ್ಲಿ ಮತ್ತೆ ತಂಡ ಕಟ್ಟಿತು, ಬೇರೆ ಜಾಗದಲ್ಲಿ. ಹಚಿನ್ಸ್ ಮಾಡಿದ್ದು ಧೈರ್ಯದ ಕೆಲಸ ಎಂದು ನಾನು ಬಹಳ ಕಾಲ ತರಗತಿಯಲ್ಲಿ ಹೇಳುತ್ತಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಅಗ್ಗವಾಗಿ ನಡೆಸಲು ದಾರಿಯಿದ್ದಾಗ ಪೂರ್ತಿ ಮುಚ್ಚುವುದಕ್ಕೆ ಧೈರ್ಯಕ್ಕಿಂತ ಬೇಸರವೇ ಹೆಚ್ಚು ಬೇಕಾಗುತ್ತದೆ.

ಜಾಗ ಇದ್ದರೂ ಅದು ಯಾರ ಜಾಗ ಅನ್ನುವುದಿದೆ. ನಮ್ಮ ಮನೆಗೆ ಹತ್ತಿರದಲ್ಲೇ, ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್‌ನಲ್ಲಿ, 2010ರ ಜನವರಿಯಲ್ಲಿ ರಣಜಿ ಫೈನಲ್ ನಡೆಯಿತು. ಜನ ಮರ ಹತ್ತಿ ಕೂತು ನೋಡಿದರು. 338 ರನ್ ಬೆನ್ನಟ್ಟಿದ ಕರ್ನಾಟಕ ಆರೇ ಆರು ರನ್ನಿನಿಂದ ಸೋತಾಗ ಇಡೀ ಬಡಾವಣೆಗೆ ಸೂತಕದ ಕಳೆ. ಕ್ರಿಕೆಟ್ಟಿನ ಮೇಲೆ ನನಗೂ ಪ್ರೀತಿ ಇದೆ. ಆದರೆ ನಮ್ಮ ಊರಿನ ಬಹುತೇಕ ಮೈದಾನಗಳ ನಟ್ಟನಡುವೆ ಕ್ರಿಕೆಟ್ ಪಿಚ್ ಇರುತ್ತದೆ. ಒಂದು ಆಟಕ್ಕೆ ಜೀವವಾದ ಆ ಇಪ್ಪತ್ತೆರಡು ಗಜ ಇನ್ನೊಂದಕ್ಕೆ ಅಡ್ಡಿ.

ನಮ್ಮ ಕಾಲೇಜಿನ ಮೈದಾನದಲ್ಲಿ ಇದ್ದದ್ದು ಮ್ಯಾಟ್ ಹಾಸಲು ಮಾಡಿದ ಸಿಮೆಂಟ್ ಪಿಚ್ಚು. ಮಳೆಗೆ ಸುತ್ತಲಿನ ಮಣ್ಣು ಕೊಚ್ಚಿ ಹೋಗಿ, ಸಿಮೆಂಟಿನ ಅಂಚು ಎರಡು ಬೆರಳಿನಷ್ಟು ಮೇಲೆದ್ದಿತ್ತು. ಅಂಚಿಗೆ ಚಪ್ಪಲಿಯ ತುದಿ ತಾಗಿ ನಾನೇ ಎರಡು ಸಲ ಮುಗ್ಗರಿಸಿದ್ದೆ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ಪಿ.ಡಿ. ಸರ್, ಒಮ್ಮೆ ಹೇಳಿದರು, ‘ಎರಡು ಟ್ರ್ಯಾಕ್ಟರ್ ಕೆಮ್ಮಣ್ಣು ಹೊಡೆಸಿ ರೋಲರ್ ಆಡಿಸಿದರೆ ಸಾಕು ಸರ್.’ ಆ ವರ್ಷ ಆ ತಲೆಬರಹದಲ್ಲಿ ಹಣ ಇರಲಿಲ್ಲ. ಮುಂದಿನ ವರ್ಷ ನೋಡೋಣ ಎಂದು ಬರೆದೆ. ಆ ಮಾತು ನನ್ನ ಕೈಬರಹದಲ್ಲೇ ಕಡತದಲ್ಲಿದೆ.

ತಂಡದ ಮೂರನೇ ವರ್ಷ, ಆಗಸ್ಟ್ ತಿಂಗಳ ಒಂದು ಸಂಜೆ, ಹುಣಸೂರಿನ ಕಡೆಯ ಹುಡುಗನೊಬ್ಬ ಎಡಗಡೆಯಿಂದ ಚೆಂಡು ತಂದ. ಎದುರಿಗೆ ಬಂದವನನ್ನು ತಪ್ಪಿಸಲು ಒಳಗೆ ತಿರುಗಿದ. ಬಲಗಾಲು ಅರ್ಧ ಮಣ್ಣಿನಲ್ಲಿ, ಅರ್ಧ ಸಿಮೆಂಟಿನ ಮೇಲೆ ಊರಿತು. ಮೈ ತಿರುಗಿತು, ಕಾಲು ತಿರುಗಲಿಲ್ಲ. ನಾನು ಪೆವಿಲಿಯನ್ನಿನ ಮೆಟ್ಟಿಲ ಮೇಲಿದ್ದೆ. ಅಷ್ಟು ದೂರಕ್ಕೂ ಆ ಸದ್ದು ಕೇಳಿತು, ಹಸಿ ಕಡ್ಡಿ ಮುರಿದ ಹಾಗೆ. ಮಂಡಿಯೊಳಗಿನ ಲಿಗಮೆಂಟು ಹರಿದಿತ್ತು. ಸ್ಕ್ಯಾನ್, ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಆ ಒಂದು ಮಂಡಿಗೆ ತಗಲಿದ ಹಣಕ್ಕೆ ಹೋಲಿಸಿದರೆ ನಮ್ಮ ತಂಡದ ಮೂರು ವರ್ಷದ ಒಟ್ಟು ಖರ್ಚು ಕಡಿಮೆ. ತಂಡಕ್ಕೆ ವಿಮೆ ಮಾಡಿಸಿರಲಿಲ್ಲ. ಮೇಷ್ಟ್ರುಗಳು ಕೈಯಿಂದ ಹಾಕಿ ಒಂದಷ್ಟು ಕೂಡಿಸಿದೆವು. ಉಳಿದದ್ದನ್ನು ಹುಡುಗನ ಅಪ್ಪ ಹೊಗೆಸೊಪ್ಪಿನ ಬೆಳೆಯ ಮೇಲೆ ಸಾಲ ಎತ್ತಿ ತಂದರು.

ಡಿಸ್ಚಾರ್ಜ್ ದಿನ ಅವರು ಆಸ್ಪತ್ರೆಯ ಜಗುಲಿಯಲ್ಲಿ ಟವಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ ನನಗೆ ಹೇಳಿದ್ದು ಇಷ್ಟು: ‘ಆಟ ಆಡಿದ್ದು ತಪ್ಪಲ್ಲ ಬುಡಿ ಸಾ. ನಮ್ಮ ಹುಡುಗ ಆಟ ಆಡ್ತನೆ ಅಂತ ಊರಲ್ಲಿ ನಾನೇ ಹೇಳ್ಕೊಂಡು ತಿರುಗ್ತಿದ್ದೆ. ಆ ಕಲ್ಲು ಅಲ್ಲಿ ಅದೆ ಅಂತ ನಿಮಗೆ ಮೊದಲೇ ಗೊತ್ತಿತ್ತಂತೆ. ಅದೊಂದ್ಕೆ ಬೇಜಾರು.’

ನಾನು ಏನೂ ಹೇಳಲಿಲ್ಲ. ಹೇಳಲು ಏನೂ ಇರಲಿಲ್ಲ.

ಕೆಮ್ಮಣ್ಣನ್ನು ಮುಂದಿನ ವಾರವೇ ಹೊಡೆಸಿದರು. ದುಡ್ಡು ಹೇಗೋ ಹೊಂದಿತು. ಲೆಕ್ಕಶಾಸ್ತ್ರದಲ್ಲಿ ಉಳಿತಾಯ ಎಂದು ಕಾಣುವ ಎಷ್ಟೋ ಸಂಗತಿಗಳು ನಿಜದಲ್ಲಿ ಇನ್ನೊಬ್ಬರ ಹೆಸರಿಗೆ ಬರೆದ ಸಾಲ. ಆ ವರ್ಷ ನಮ್ಮ ಲೆಕ್ಕದಲ್ಲಿ ಉಳಿದ ಹಣ ಹುಣಸೂರಿನ ಒಂದು ಮನೆಯ ಹೆಸರಿಗೆ ಬಡ್ಡಿ ಸಮೇತ ಹೋಗಿ ಬಿತ್ತು.

ಇನ್ನೊಂದು ಮಾತು ಬರೆಯಲೇಬೇಕು. ಬಿ.ಕಾಂ. ಎರಡನೇ ವರ್ಷದ ಹುಡುಗಿಯೊಬ್ಬಳು ತರಗತಿ ಮುಗಿದ ಮೇಲೆ ಬಂದು ಕೇಳಿದಳು: ‘ಸರ್, ನಮ್ಮ ರಸೀದಿಯಲ್ಲೂ ಕ್ರೀಡಾ ಶುಲ್ಕ ಇದೆಯಲ್ಲ. ನಮಗ್ಯಾಕೆ ಟೀಮ್ ಇಲ್ಲ?’ ಹುಡುಗಿಯರು ಅಷ್ಟು ಜನ ಸಿಗುವುದಿಲ್ಲಮ್ಮ ಎಂದೆ. ಸೋಮವಾರ ಹದಿಮೂರು ಹೆಸರು ಬರೆದುಕೊಂಡು ಬಂದಳು. ನಮ್ಮ ಕಾಲೇಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಹದಿನೆಂಟು ಹುಡುಗರ ಜರ್ಸಿಗೆ ಹಣ ಕೊಟ್ಟವರಲ್ಲಿ ಅವರೂ ಇದ್ದರು, ಒಂದು ದಿನವೂ ಮೈದಾನಕ್ಕೆ ಇಳಿಯದೆ. ಅಮೆರಿಕದಲ್ಲಿ 1972ರ ಕಾನೂನೊಂದು ಇದನ್ನು ನೇರವಾಗಿ ಕೇಳುತ್ತದೆ. ಸರ್ಕಾರದ ಹಣ ಪಡೆಯುವ ಕಾಲೇಜು ಗಂಡಸರಿಗೆ ಆಟದ ಅವಕಾಶ ಕೊಟ್ಟರೆ ಹೆಂಗಸರಿಗೂ ಸಮನಾಗಿ ಕೊಡಬೇಕು. ಹಾಗಾಗಿ ಅಲ್ಲಿ ಹೊಸದಾಗಿ ಅವರ ಬಗೆಯ ಫುಟ್‌ಬಾಲ್ ತಂಡ ಕಟ್ಟಲು ಹೊರಟ ಕಾಲೇಜು ಸ್ಟೇಡಿಯಮ್ಮಿನ ಜೊತೆಗೆ ಹೆಣ್ಣುಮಕ್ಕಳ ಆಟಗಳ ಲೆಕ್ಕವನ್ನೂ ಹಾಕಬೇಕಾಗುತ್ತದೆ. ಆದರೂ ಹಣದ ಒಂದು ಪಾಲು ಬರುವುದು ಆಡದ ವಿದ್ಯಾರ್ಥಿಗಳಿಂದಲೇ. ಉತ್ತರ ಕೆರೊಲಿನಾದ ಷಾರ್ಲೆಟ್‌ನ ವಿಶ್ವವಿದ್ಯಾಲಯ 2013ರಲ್ಲಿ ಮೊದಲ ಸಲ ತಂಡ ಇಳಿಸಿದಾಗ ಅದಕ್ಕಾಗಿ ಎಲ್ಲ ವಿದ್ಯಾರ್ಥಿಗಳ ಶುಲ್ಕವನ್ನೂ ಏರಿಸಿತ್ತು. ಅವರ ಕೋಟಿಗಳಿಗೂ ನಮ್ಮ ಸಾವಿರಗಳಿಗೂ ಅಜಗಜಾಂತರ. ನ್ಯಾಯದ ಪ್ರಶ್ನೆ ಮಾತ್ರ ಒಂದೇ.

ಆ ಹದಿಮೂರು ಹೆಣ್ಣುಮಕ್ಕಳಿಗೆ ವಾರಕ್ಕೆರಡು ದಿನ ಅರ್ಧ ಮೈದಾನ ಬಿಟ್ಟುಕೊಟ್ಟೆವು. ಹುಡುಗರ ಹಳೆಯ ಜರ್ಸಿಯನ್ನೇ ಹಾಕಿಕೊಂಡು ಆಡಿದರು. ಐದನೇ ವರ್ಷ ಪಿ.ಡಿ. ಸರ್ ಬೇರೆ ಊರಿಗೆ ಹೋದರು. ಅವರ ಜಾಗಕ್ಕೆ ಬಹಳ ದಿನ ಯಾರೂ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಬೀಗ ತೆಗೆದು ಚೆಂಡು ಕೊಡುವವರಿಲ್ಲದೆ ಎರಡು ತಂಡವೂ ನಿಂತವು. ಆರಂಭಶೂರತ್ವ ಅನ್ನುತ್ತಾರಲ್ಲ, ನಮ್ಮದೂ ಅದೇ ಆಯಿತು. ತಂಡಕ್ಕೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ದಿನವೂ ಬರುವ ಒಬ್ಬ ಮನುಷ್ಯ. ಅವನ ಸಂಬಳ, ಅವನ ಹುದ್ದೆಯ ಭದ್ರತೆ ನಮ್ಮ ಪಟ್ಟಿಯ ಯಾವ ಸಾಲಿನಲ್ಲೂ ಇರಲಿಲ್ಲ. ತಂಡ ನಿಂತ ಮೇಲೆ ಹುಡುಗರು ಕೈಯಿಂದ ಹಣ ಸೇರಿಸಿ, ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಟರ್ಫ್‌ಗಳಲ್ಲಿ ಆಡತೊಡಗಿದರು. ಕಾಲೇಜು ಕೊಡದೇ ಹೋದ ಜಾಗವನ್ನು ಗಂಟೆ ಲೆಕ್ಕದಲ್ಲಿ ಕೊಂಡುಕೊಂಡರು. ಕೊಳ್ಳಲಾರದವರು ಆಟ ಬಿಟ್ಟರು.

ಇಷ್ಟೆಲ್ಲ ಬರೆದದ್ದು ತಂಡ ಬೇಡ ಎಂದು ಹೇಳಲು ಅಲ್ಲ. ಖಂಡಿತ ಬೇಕು. ಆ ಐದು ವರ್ಷದಲ್ಲಿ ನಾನು ಕಂಡದ್ದು ಬೇರೆ ಎಲ್ಲೂ ಕಂಡಿಲ್ಲ. ಮಣಿಪುರದಿಂದ ಬಂದ ಹುಡುಗ, ಬೈಲಕುಪ್ಪೆಯ ಟಿಬೆಟನ್ ಹುಡುಗ, ಕೊಡಗಿನವನು, ಹುಣಸೂರಿನವನು, ತರಗತಿಯಲ್ಲಿ ಒಬ್ಬರಿಗೊಬ್ಬರು ಮಾತಾಡದವರು, ಗೋಲು ಬಿದ್ದ ಕ್ಷಣ ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. ಆ ಮಂಡಿ ಹೋದ ಹುಡುಗ ಹಾಸ್ಟೆಲಿಗೆ ಮರಳಿದಾಗ ಮೂರು ತಿಂಗಳು ಅವನ ತಟ್ಟೆ ತಂದಿಟ್ಟು, ತೊಳೆದು, ಎರಡನೇ ಮಹಡಿಗೆ ಹೊತ್ತುಕೊಂಡು ಹೋದವನು ಆ ಮಣಿಪುರದ ಹುಡುಗ. ಇದಕ್ಕೆ ನಾನು ಯಾವ ತಲೆಬರಹ ಕೊಡಲಿ? ಈ ಜಮೆ ಇದೆ ಎಂದೇ ಖರ್ಚಿನ ಕಡೆಯೂ ಪ್ರಾಮಾಣಿಕವಾಗಿರಬೇಕು.

ಹಾಗಾಗಿ ತಂಡ ಕಟ್ಟಲು ಹೊರಟ ಕಾಲೇಜುಗಳಲ್ಲಿ ನನ್ನದೊಂದು ಕೋರಿಕೆ. ಜರ್ಸಿಯ ಬಣ್ಣ ಆರಿಸುವ ಮೊದಲು ಮೈದಾನದಲ್ಲಿ ಬರಿಗಾಲಲ್ಲಿ ಒಂದು ಸುತ್ತು ನಡೆಯಿರಿ. ಕಾಲಿಗೆ ತಾಗಿದ್ದನ್ನೆಲ್ಲ ಮೊದಲು ತೆಗೆಸಿ. ಮಕ್ಕಳ ವಿಮೆ ಮಾಡಿಸಿ. ಹೆಣ್ಣುಮಕ್ಕಳಿಗೆ ಅವರ ಅಳತೆಯ ಹೊಸ ಜರ್ಸಿ ಹೊಲಿಸಿ. ಐದು ವರ್ಷ ನಡೆಸುವ ಶಕ್ತಿ ಇಲ್ಲದಿದ್ದರೆ ಈ ವರ್ಷ ಶುರು ಮಾಡಬೇಡಿ.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ಮಗನದೋ ಮಗಳದೋ ಕಾಲೇಜಿನ ಶುಲ್ಕದ ರಸೀದಿ ತೆಗೆದು ನೋಡಿ. ಅದರಲ್ಲಿ ಕ್ರೀಡಾ ಶುಲ್ಕ ಎಂಬ ಸಾಲು ಇರುತ್ತದೆ. ಆ ಹಣ ಎಲ್ಲಿಗೆ ಹೋಯಿತೆಂದು ಒಮ್ಮೆ ಹೋಗಿ ಕೇಳಿ.